ಗೂಟವಿಲ್ಲದ ರಾಗಿಕಲ್ಲು

ತುಮಕೂರಿನಿಂದ ಶೆಟ್ಟಿಹಳ್ಳಿಗೆ ಹೋಗುವ ದಾರಿಯಲ್ಲಿ, ಊರಿನ ಮನೆಗಳು ಮುಗಿದು ಹೊಲಗಳು ಶುರುವಾಗುತ್ತಿದ್ದ ಕಡೆ, ಆಗ ಮೂವತ್ತು ಹಾಸಿಗೆಯ ಒಂದು ಧರ್ಮಾಸ್ಪತ್ರೆ ಇತ್ತು. ಅದರ ಹಿತ್ತಿಲಿನಲ್ಲಿ, ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ತಗಡಿನ ಚಪ್ಪರದ ಪಕ್ಕ, ಒಂದು ರಾಗಿಕಲ್ಲು. ಕಲ್ಲೇನೋ ಚೆನ್ನಾಗಿತ್ತು, ಆದರೆ ಹಿಡಿದು ತಿರುಗಿಸುವ ಗೂಟವಿರಲಿಲ್ಲ. ನರ್ಸ್ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಅದೊಂದು ಒಗಟು. ಗೂಟ ಎಲ್ಲಿದೆಯೆಂದು ಎರಡನೆಯ ವಾರಕ್ಕೆ ಗೊತ್ತಾಗುತ್ತಿತ್ತು. ಅದು ಹೆಂಗಸರ ವಾರ್ಡಿನ ಔಷಧದ ಬೀರುವಿನಲ್ಲಿ, ಬೀಗದೊಳಗೆ, ಮಾರ್ಫಿಯಾ ಸೀಸೆಗಳ ಪಕ್ಕದಲ್ಲಿತ್ತು. ಬೀಗದ ಕೈ ಸಿಸ್ಟರ್ ಗಂಗಾಂಬಿಕೆಯ ಸೊಂಟದಲ್ಲಿರುತ್ತಿತ್ತು. ಯಾಕೆಂದು ಕೇಳುವ ಧೈರ್ಯ ಯಾವ ಹುಡುಗಿಗೂ ಇರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮೂರನೆಯ ವಾರ ಅವಳೇ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಪಾಠ ಶುರುಮಾಡುತ್ತಿದ್ದಳು.

ಗಂಗಾಂಬಿಕೆ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ. ಹನ್ನೆರಡಕ್ಕೆ ಮದುವೆ, ಹದಿನೈದಕ್ಕೆ ಗಂಡ ಇಲ್ಲ. ತುಮಕೂರಿನಲ್ಲಿ ಮೇಷ್ಟರಾಗಿದ್ದ ಅಣ್ಣ ಸದಾಶಿವಯ್ಯ ಅವಳನ್ನು ತನ್ನ ಮನೆಗೆ ಕರೆತಂದ. ಊರವರು ಅದನ್ನು ದೊಡ್ಡ ಮನಸ್ಸು ಅಂದರು. ಅತ್ತಿಗೆಯ ಸೊಂಟದ ಮೇಲೊಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು ಇದ್ದ ಆ ಮನೆಗೆ ಇನ್ನೆರಡು ಕೈ ಬೇಕಾಗಿದ್ದವು ಎಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಹಟ ಹಿಡಿದು ಬೆಂಗಳೂರಿಗೆ ಹೋಗಿ ನರ್ಸ್ ತರಬೇತಿ ಮುಗಿಸಿ ಬಂದಳು. ಕೆಲಸ ಸಿಕ್ಕಿತು. ಹಾಗಂತ ಮನೆಯ ಕೆಲಸ ಎಲ್ಲಿಗೂ ಹೋಗಲಿಲ್ಲ. ನಾಲ್ಕೂವರೆಗೆ ಎದ್ದು, ನೀರು ಸೇದಿ, ಎಂಟು ಜನಕ್ಕೆ ಬೇಯಿಸಿಟ್ಟು, ಏಳಕ್ಕೆ ಬಿಳಿ ಸೀರೆ ಉಟ್ಟು ವಾರ್ಡಿನಲ್ಲಿ ನಿಂತಿರಬೇಕು. ಜ್ವರ ಬಂದ ದಿನವೂ ಹಾಗೇ. ಅಂಥ ದಿನ ಅತ್ತಿಗೆ, ಒಲೆಯ ಮುಂದೆ ಕೂತ ಅವಳನ್ನು ನೋಡಿ, ಪರವಾಗಿಲ್ಲ ಎದ್ದು ಓಡಾಡ್ತಿದೀಯಲ್ಲ ಅನ್ನುತ್ತಿದ್ದಳು. ಅತ್ತಿಗೆ ಕೆಟ್ಟವಳಲ್ಲ. ಆ ಮನೆಯಲ್ಲಿ ಹೆಂಗಸರ ಆರೋಗ್ಯ ನೋಡುವ ಬಗೆಯೇ ಅದಾಗಿತ್ತು: ಕೆಲಸ ಮಾಡುತ್ತಿದ್ದರೆ ಚೆನ್ನಾಗಿದ್ದಾಳೆ, ಮಲಗಿದರೆ ಕಾಯಿಲೆ. ಗಂಗಾಂಬಿಕೆ ಮೂರು ವರ್ಷ ಓದಿ ಬಂದರೂ ಈ ಲೆಕ್ಕ ಅವಳೊಳಗೆ ಹಾಗೇ ಉಳಿದಿತ್ತು.

ಅದು ಉಳಿದಿತ್ತೆಂದು ಅವಳಿಗೆ ತಿಳಿದದ್ದು ಪುಟ್ಟಗಂಗಮ್ಮನಿಂದ.

ಸಾವಿರದ ಒಂಬೈನೂರ ಐವತ್ತೇಳರ ಆಷಾಢ. ಕುಣಿಗಲ್ಲಿನಾಚೆ ಹುಲಿಯೂರುದುರ್ಗದ ಹತ್ತಿರದ ಹಳ್ಳಿಯಿಂದ ನರಸಯ್ಯ ಎಂಬ ರೈತ ಹೆಂಡತಿಯನ್ನು ಕರೆತಂದಿದ್ದ. ಐವತ್ತರ ಹೆಂಗಸು. ಗರ್ಭಕೋಶದ ಕ್ಯಾನ್ಸರು. ಬೆಂಗಳೂರಿಗೆ ಹೋಗಿ ಗಡ್ಡೆ ಸುಡುವ ಕರೆಂಟು ಕೊಡಿಸಿ ಆಗಿತ್ತು. ಇನ್ನು ಮಾಡುವುದೇನೂ ಇಲ್ಲ, ಊರಿನ ಹತ್ತಿರ ಎಲ್ಲಾದರೂ ಇಟ್ಟುಕೊಳ್ಳಿ ಎಂದು ಅಲ್ಲಿ ಹೇಳಿ ಕಳಿಸಿದ್ದರು. ಡಾಕ್ಟರು ವೆಂಕಟೇಶಯ್ಯನವರು ಚಾರ್ಟಿನಲ್ಲಿ ಮಾರ್ಫಿಯಾ ಬರೆದು, ಮುಂದೆ ‘ನೋವು ಬಂದರೆ ಮಾತ್ರ’ ಎಂದು ಸೇರಿಸಿದರು. ಎಲ್ಲರಿಗೂ ಹಾಗೆಯೇ ಬರೆಯುವುದು ಪದ್ಧತಿ. ನರಸಯ್ಯ ಎರಡು ದಿನ ಇದ್ದು, ಹೊಲದ ಕೆಲಸ ಇದೆಯೆಂದು ಊರಿಗೆ ಹೋದ.

ಪುಟ್ಟಗಂಗಮ್ಮನಂಥ ರೋಗಿಯನ್ನು ವಾರ್ಡು ಅದುವರೆಗೆ ಕಂಡಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ವಾರ್ಡಿನ ಬಾಗಿಲಿಗೆ ನೀರು ಹಾಕಿ ಗುಡಿಸುತ್ತಿದ್ದಳು. ಪಕ್ಕದ ಹಾಸಿಗೆಯವಳ ತಲೆ ಬಾಚುತ್ತಿದ್ದಳು. ಹೆರಿಗೆಗೆ ಬಂದವರ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ರಾಗಿ ಬೀಸುತ್ತಿದ್ದಳು. ಯಾರ ಕಡೆಯವರು ರಾಗಿ ತಂದರೂ, ಕೊಡಿ ಇತ್ತ, ಸುಮ್ನೆ ಕೂತು ಕೈ ಜಡ್ಡು ಹಿಡೀತದೆ ಎಂದು ಕಸಿದುಕೊಂಡು ಹಿತ್ತಿಲಿನ ಕಲ್ಲಿನ ಮುಂದೆ ಕೂರುತ್ತಿದ್ದಳು. ಕಲ್ಲು ಗುರುಗುಟ್ಟುವ ಸದ್ದಿನ ಜೊತೆಗೆ ಅವಳ ದನಿಯೂ ಸಣ್ಣಗೆ ಎಳೆಎಳೆಯಾಗಿ ಕೇಳುತ್ತಿತ್ತು. ಬೀಸುವಾಗ ಹಾಡದ ಹೆಂಗಸು ಯಾರು? ಆಯಾ ಹನುಮಕ್ಕನಂತೂ, ನಮ್ಮ ವಾರ್ಡಿಗೆ ರೇಡಿಯೋ ಬಂತು ಎಂದು ನಗುತ್ತಿದ್ದಳು. ಆ ತಿಂಗಳು ಇನ್ನೊಬ್ಬ ಆಯಾ ರಜೆಯಲ್ಲಿದ್ದಳು. ಕೈ ಸಾಲದೆ ಒದ್ದಾಡುತ್ತಿದ್ದ ಗಂಗಾಂಬಿಕೆಗೆ ಪುಟ್ಟಗಂಗಮ್ಮ ದೇವರು ಕಳಿಸಿದ ಹಾಗೆ ಕಂಡಳು.

ಗಂಗಾಂಬಿಕೆ ದಿನಾ ಕೇಳದೆ ಇರಲಿಲ್ಲ. ನೋವಿದೆಯಾ ಎಂದು ಕೇಳುತ್ತಿದ್ದಳು. “ಏನಿಲ್ಲ ಕಣವ್ವ,” ಅನ್ನುತ್ತಿದ್ದಳು ಪುಟ್ಟಗಂಗಮ್ಮ. ಗಂಗಾಂಬಿಕೆ ಚಾರ್ಟಿನಲ್ಲಿ ‘ನೋವಿಲ್ಲ, ಲವಲವಿಕೆಯಿಂದಿದ್ದಾರೆ’ ಎಂದು ಬರೆಯುತ್ತಿದ್ದಳು. ಹತ್ತೊಂಬತ್ತು ದಿನ ಬರೆದಳು. ಇಪ್ಪತ್ತನೆಯ ದಿನ ಡಾಕ್ಟರು ಚಾರ್ಟು ನೋಡಿ, ಇಷ್ಟು ಚೆನ್ನಾಗಿರುವವರಿಗೆ ಇಲ್ಲೇನು ಕೆಲಸ, ಮನೆಯವರ ಮಧ್ಯೆ ಇರಲಿ ಎಂದರು. ನರಸಯ್ಯ ಬಂದು ಕರೆದುಕೊಂಡು ಹೋದ. ಹೋಗುವ ಬೆಳಗ್ಗೆಯೂ ಪುಟ್ಟಗಂಗಮ್ಮ ತನ್ನ ಹಾಸಿಗೆಯ ಚಾದರವನ್ನು ಒಗೆದು ಹಾಕಿಯೇ ಹೋದಳು.

ಎಂಟು ದಿನ ಕಳೆದ ಮೇಲೆ ಬೀದಿಯಲ್ಲಿ ಕಲ್ಲು ಕುಟ್ಟುವವಳು ಕೂಗಿಕೊಂಡು ಬಂದಳು. ರಾಗಿಕಲ್ಲು ನುಣ್ಣಗಾದರೆ ಉಳಿಯಿಂದ ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು. ಕಲ್ಲು ಯಾಕೋ ಹಿಟ್ಟು ಬಿಡುತ್ತಿಲ್ಲ, ಕಾಳು ಹಾಗೇ ಉದುರುತ್ತೆ ಎಂದು ಹನುಮಕ್ಕ ಅವಳನ್ನು ಕರೆದಳು. ಮೂರು ತಿಂಗಳ ಹಿಂದಷ್ಟೇ ಕುಟ್ಟಿಸಿದ ಕಲ್ಲು ಅದು. ಅವಳು ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಅಂಗೈಯಲ್ಲಿ ಸವರಿ ನೋಡಿ ಬೈದಳು.

“ಯಾರವ್ವ ಇದ್ನ ಬರಿದೆ ತಿರುಗ್ಸಿರೋರು? ರಾಗಿ ಹಾಕ್ದೆ ಕಲ್ಲಿಗೆ ಕಲ್ಲು ಉಜ್ಜವ್ರೆ. ಮಕ್ಳು ಆಡವೇನೋ?”

“ಇಲ್ಲಿ ಮಕ್ಳೆಲ್ಲಿಂದ ಬರ್ತವೆ,” ಅಂದಳು ಹನುಮಕ್ಕ. “ಆ ಪುಟ್ಟಗಂಗಮ್ಮ ಮಧ್ಯಾಹ್ನವೆಲ್ಲ ಇಲ್ಲೇ ಕೂತಿರ್ತಿದ್ಲು. ಅಷ್ಟು ರಾಗಿ ಯಾರು ಕೊಟ್ರೋ ಅಂತ ನಾನೂ ಅಂದ್ಕಂಡಿದ್ದೆ. ಅವ್ಳ ಹಾಡ್ಗೆ ಮಾತೇ ಇರ್ಲಿಲ್ಲ ಕಣಕ್ಕ.”

ಗಂಗಾಂಬಿಕೆ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಅವಳ ಕಿವಿಯಲ್ಲಿ ಆ ಮಧ್ಯಾಹ್ನಗಳೆಲ್ಲ ತಿರುಗಿ ಬಂದವು. ಕಲ್ಲಿನ ಗುರುಗುಡುವಿಕೆ, ಅದರಡಿ ಸಣ್ಣಗೆ ಏಳುತ್ತಿದ್ದ ಆ ದನಿ. ಕಲ್ಲು ನಿಂತ ಕೂಡಲೇ ಅದೂ ನಿಲ್ಲುತ್ತಿತ್ತು. ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ, ನಾಲ್ಕು ಜನರ ಎದುರಿಗೆ, ಹೆಂಗಸೊಬ್ಬಳು ನರಳುವುದಕ್ಕೆ ಒಂದೇ ಒಂದು ಮರ್ಯಾದೆಯ ಜಾಗ ಹುಡುಕಿಕೊಂಡಿದ್ದಳು. ಅದನ್ನೇ ತಾನು ಹತ್ತೊಂಬತ್ತು ಸಲ ಲವಲವಿಕೆ ಎಂದು ಬರೆದಿದ್ದಳು.

ಅವಳು ನೇರವಾಗಿ ಡಾಕ್ಟರ ಕೋಣೆಗೆ ಹೋದಳು. ವೆಂಕಟೇಶಯ್ಯನವರು ಸಿಡುಕಲಿಲ್ಲ. ಹಳೆಯ ಚಾರ್ಟು ತರಿಸಿ ಅವಳ ಮುಂದಿಟ್ಟರು. ರೋಗಿ ಕೇಳಲಿಲ್ಲ, ನೀವೂ ನೋವಿಲ್ಲ ಅಂತ ಬರೆದಿರಿ, ನಾನು ಯಾವುದನ್ನು ನೋಡಿ ಕೊಡಲಿ ಎಂದರು. ಈಗಲಾದರೂ ಕೊಡಿ, ನಾನೇ ಒಯ್ಯುತ್ತೇನೆ ಎಂದಳು ಗಂಗಾಂಬಿಕೆ. ಕಡೆಗೆ ಅವರು ಆರು ಮಾರ್ಫಿಯಾ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟು ಕೊಟ್ಟರು. ಮೊದಲನೆಯದನ್ನು ನೀವೇ ಕೊಡಿ, ಉಳಿದದ್ದನ್ನು ಹುಲಿಯೂರುದುರ್ಗದ ಡಿಸ್ಪೆನ್ಸರಿಯ ಕಾಂಪೌಂಡರ ಹತ್ತಿರ ಇಡಿ, ಮನೆಯವರು ಕರೆದರೆ ಹೋಗಿ ಚುಚ್ಚಲಿ ಎಂದು ಅವರ ಹೆಸರಿಗೆ ಒಂದು ಚೀಟಿಯನ್ನೂ ಬರೆದರು.

ಭಾನುವಾರ ರಜೆ. ಆ ದಿನ ಎಂಟು ಜನರ ಅಡುಗೆ ಎರಡೂ ಹೊತ್ತಿನದು ಬೆಳಗ್ಗೆಯೇ ಮುಗಿಸಿಟ್ಟು, ಅತ್ತಿಗೆಯ ಗಂಟುಮುಖ ದಾಟಿಕೊಂಡು, ಗಂಗಾಂಬಿಕೆ ಕುಣಿಗಲ್ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು. ಡಿಸ್ಪೆನ್ಸರಿಯಲ್ಲಿ ಐದು ಸೀಸೆ ಒಪ್ಪಿಸಿ, ದುರ್ಗದ ಬೆಟ್ಟವನ್ನು ಬೆನ್ನಿಗೆ ಹಾಕಿಕೊಂಡು ಎರಡು ಮೈಲಿ ನಡೆದಳು.

ಪುಟ್ಟಗಂಗಮ್ಮ ಒಲೆಯ ಮುಂದಿದ್ದಳು. ಆದರೆ ಕೂತಿರಲಿಲ್ಲ. ಗೋಡೆಗೆ ಒರಗಿ, ಬಗ್ಗಿ ನಿಂತು, ಉದ್ದನೆಯ ಕೋಲಿನಿಂದ ಸೌದೆ ನೂಕುತ್ತಿದ್ದಳು. ನರ್ಸನ್ನು ಕಂಡು ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು. ಸೊಸೆ ಓಬಳಮ್ಮ, ಹದಿನೇಳರ ಹುಡುಗಿ, ಏಳು ತಿಂಗಳ ಬಸುರಿ, ಕುಡಿಯುವುದಕ್ಕೆ ನೀರು ತಂದುಕೊಟ್ಟಳು.

ನೋವು ಹೇಗಿದೆ ಎಂದು ಕೇಳಿದ್ದಕ್ಕೆ ಅದೇ ಉತ್ತರ: ಏನಿಲ್ಲ. ಗಂಗಾಂಬಿಕೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ಆಚೀಚೆ ಮಾತಾಡುತ್ತಾ, ನೀರು ಯಾರು ತರ್ತಾರೆ ಎಂದಳು. ಹೋದ ಸೋಮವಾರದಿಂದ ಸೊಸೆ ತರುತ್ತಾಳಂತೆ. ಕೊಟ್ಟಿಗೆ ಬಳಿಯೋದು? ಅದೂ ಬಿಟ್ಟು ನಾಲ್ಕು ದಿನ. ರಾಗಿ? ನೆನ್ನೆಯಿಂದ ಸೊಸೆಯೇ ಬೀಸುತ್ತಾಳೆ.

“ಒಲೆ ಮುಂದೆ ಯಾವತ್ತಿಂದ ಕೂತಿಲ್ಲ, ಪುಟ್ಟಗಂಗವ್ವ?”

ಪುಟ್ಟಗಂಗಮ್ಮ ತಲೆ ತಗ್ಗಿಸಿದಳು. ಕಳ್ಳತನ ಸಿಕ್ಕಿಬಿದ್ದವಳ ಹಾಗೆ ಮೆಲ್ಲಗೆ, “ಇವತ್ನಿಂದ,” ಅಂದಳು. “ಕೂತ್ರೆ ಏಳಕಾಯ್ತಿಲ್ಲ ಕಣವ್ವ. ಕೆಂಡ ಇಟ್ಟಂಗಾಯ್ತದೆ. ನಿಂತ್ಕಂಡೇ ಮಾಡ್ತೀನಿ, ಆಯ್ತದೆ.”

ಸಿರಿಂಜು ಕುದಿಸಬೇಕಿತ್ತು. ಪಾತ್ರೆ ಕೇಳಿದ್ದೇ ತಡ, ಪುಟ್ಟಗಂಗಮ್ಮನೇ ಹೋಗಿ ನೀರು ಬಗ್ಗಿಸಿಕೊಂಡು ಬಂದು ಒಲೆಯ ಮೇಲಿಟ್ಟಳು, ತನ್ನ ಇಂಜೆಕ್ಷನ್ನಿಗೆ ತಾನೇ. ಗಂಗಾಂಬಿಕೆ ಬೇಡವೆನ್ನುವಷ್ಟರಲ್ಲಿ ಉರಿಯನ್ನೂ ಸರಿಮಾಡಿ ಆಗಿತ್ತು.

ಮಾರ್ಫಿಯಾ ಕೊಟ್ಟು ಅರ್ಧ ಗಂಟೆಗೆ ಅವಳ ಹುಬ್ಬಿನ ಗಂಟು ಬಿಚ್ಚಿತು. ಗಂಗಾಂಬಿಕೆ ಆ ಮುಖವನ್ನು ಮೊದಲ ಸಲ ನೋಡಿದಂತೆ ನೋಡಿದಳು. ವಾರ್ಡಿನಲ್ಲಿ ತಾನು ಇಪ್ಪತ್ತು ದಿನ ಕಂಡದ್ದು ಈ ಮುಖವೇ ಅಲ್ಲ. ಪುಟ್ಟಗಂಗಮ್ಮ ಕಂಬಳಿಯ ಮೇಲೆ ಕೈಕಾಲು ಚಾಚಿ ಮಲಗಿದಳು. ಹೊಲದಿಂದ ಬಂದ ನರಸಯ್ಯ ಹೊಸಿಲಲ್ಲೇ ನಿಂತುಬಿಟ್ಟ. ಹೋಗ್ಬುಟ್ಲಾ ಎಂದು ಕೇಳಿದ. ಇಲ್ಲ, ನಿದ್ದೆ ಎಂದಳು ಗಂಗಾಂಬಿಕೆ.

“ಮೂವತ್ ವರ್ಸದಲ್ಲಿ ಇವ್ಳು ಹಗಲೊತ್ತು ಮಲಗಿದ್ದು ನಾ ನೋಡ್ನಿಲ್ಲ,” ಅಂದ ನರಸಯ್ಯ. ಒಲೆಯ ಕಡೆ ನೋಡಿದ. ಆಮೇಲೆ ಕೇಳಿದ, “ಹಂಗಾರೆ ಸಂಜೀಕೆ ಹಿಟ್ಟು?”

ಅವನು ಕ್ರೂರಿಯಾಗಿ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸೊಸೆ ನೀರಿಗೆ ಹೋಗಿದ್ದಳು. ಗಂಗಾಂಬಿಕೆ ಎದ್ದು, ಎಸರಿಟ್ಟು, ಹಿಟ್ಟಿನ ಕೋಲು ಹಿಡಿದು ಮುದ್ದೆ ಕೂಡಿಸಿದಳು. ತಮ್ಮ ಮನೆಯ ಒಲೆಯ ಮುಂದೆ ನರ್ಸಮ್ಮ ಕೂತದ್ದನ್ನು ನೋಡಿ ನರಸಯ್ಯ ಮುಜುಗರದಿಂದ ಆಚೆ ಹೋದ. ಸೌದೆ ನೂಕಲು ಬರಲಿಲ್ಲ.

ಕಡೆಯ ಬಸ್ಸಿಗೆ ಇನ್ನು ಒಂದು ಗಂಟೆ ಇರುವಾಗ ಅವಳು ಓಬಳಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಅತ್ತೆಯನ್ನು ನೋವಿದೆಯಾ ಎಂದು ಕೇಳಬೇಡ, ಇಲ್ಲ ಅಂತಾರೆ. ಯಾವ ಕೆಲಸ ಬಿಟ್ಟರು, ನೋಡು. ನೀರು ತರುವುದನ್ನು ಬಿಟ್ಟರೆ ಇಷ್ಟು ನೋವು, ಬೀಸುವುದನ್ನು ಬಿಟ್ಟರೆ ಇನ್ನಷ್ಟು, ಒಲೆಯ ಮುಂದೆ ಕೂರುವುದನ್ನೂ ಬಿಟ್ಟರೆ ತಡೆಯಲಾಗದಷ್ಟು. ಅಂಥ ದಿನ ಹಿಂದೆ ಮುಂದೆ ನೋಡದೆ ಕಾಂಪೌಂಡರನ್ನು ಕರೆಸು. ಓಬಳಮ್ಮ ಬೆರಳು ಮಡಿಸಿ ಮೂರನ್ನೂ ಒಪ್ಪಿಸಿದಳು. ಗಂಗಾಂಬಿಕೆ ನೋವಿನ ಪಾಠ ಹೇಳಿದ ಮೊದಲ ವಿದ್ಯಾರ್ಥಿನಿ ನರ್ಸಲ್ಲ, ಓದು ಬರಹ ಬಾರದ ಈ ಬಸುರಿ ಹುಡುಗಿ. ಬಸ್ಸಿನಲ್ಲಿ ಬರುವಾಗ ಗಂಗಾಂಬಿಕೆಗೆ, ತಪ್ಪನ್ನು ಅರ್ಧವಾದರೂ ತಿದ್ದಿದೆ ಎನ್ನಿಸಿತು.

ಐದು ವಾರಗಳ ನಂತರ ಓಬಳಮ್ಮ ಮಾವನ ಜೊತೆ ಆಸ್ಪತ್ರೆಗೆ ಬಂದಳು. ತುಂಬಿದ ಹೊಟ್ಟೆ, ಊದಿದ ಪಾದ. ಸೆರಗಿನ ಗಂಟು ಬಿಚ್ಚಿ ರಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅತ್ತೆ ಹೋಗಿ ಹನ್ನೊಂದು ದಿನ ಆಯಿತು, ಇದನ್ನು ನಿಮಗೆ ತಲುಪಿಸಲು ಕಾಂಪೌಂಡರು ಹೇಳಿದರು ಎಂದಳು. ನರಸಯ್ಯ ಬಾಗಿಲಾಚೆ ಗೋಡೆಗೆ ಮುಖ ಮಾಡಿ ಕೂತ.

ಡಬ್ಬಿಯೊಳಗೆ ಎರಡು ಸೀಸೆ ಹಾಗೇ ಉಳಿದಿದ್ದವು.

ಗಂಗಾಂಬಿಕೆ ಅವನ್ನು ಬೆಳಕಿಗೆ ಹಿಡಿದು ನೋಡಿದಳು. ಮೂರು ಸಲ ಕರೆಸಿದೆವು ಎಂದು ಓಬಳಮ್ಮ ಹೇಳುತ್ತಾ ಹೋದಳು. ಮೂರು ಸಲವೂ ಅತ್ತೆ ಮಗುವಿನ ಹಾಗೆ ಮಲಗಿದರು. ಕರೆಯಲು ಹೋಗುತ್ತಿದ್ದದ್ದು ಅವಳೇ, ಗಂಡಸರು ಹೊಲದಲ್ಲಿರುತ್ತಿದ್ದರು. ಮೂರನೆಯ ಸಲ ಹೋಗಿ ಬರುವಾಗ ದಾರಿಯಲ್ಲಿ ತಲೆ ಸುತ್ತಿ ಬಿದ್ದಳು. ಏನೂ ಆಗಲಿಲ್ಲ, ಮಂಡಿ ತರಚಿತ್ತು ಅಷ್ಟೆ. ಅತ್ತೆ ಆ ಮಂಡಿಗೆ ಅರಿಸಿನ ಹಚ್ಚಿದರು.

“ಮಾರನೆ ದಿನ ಎದ್ಬುಟ್ರು ಕಣವ್ವ,” ಅಂದಳು ಓಬಳಮ್ಮ. “ಬಿಟ್ಟಿದ್ ಕೆಲ್ಸ ಎಲ್ಲಾ ಹಿಡಿದ್ರು. ಒಲೆ ಮುಂದೆ ಕೂತ್ರು. ನೀರೂ ಅರ್ಧ ಬಿಂದ್ಗೆ ತಂದ್ರು. ಎಲ್ಡ್ ದಿನಾನೂ ರಾಗಿ ಬೀಸುದ್ರು. ನೀವು ಹೇಳ್ಕೊಟ್ಟಂಗೆ ನಾನು ನೋಡ್ತಾನೇ ಇದ್ದೆ. ಹಗುರಾಗವ್ರೆ ಅಂದ್ಕಂಡು ಕರಿಯಾಕೆ ಹೋಗ್ನಿಲ್ಲ. ಮೂರ್ನೇ ದಿನ ಬೆಳಗ್ಗೆ ಕಲ್ ಮುಂದೇನೆ ಒರಗಿದ್ರು.”

ಗಂಗಾಂಬಿಕೆ ಡಬ್ಬಿ ಮುಚ್ಚಿದಳು. ಕೇಳಬಾರದೆಂದುಕೊಂಡೇ ಕೇಳಿದಳು.

“ಕಲ್ಲಲ್ಲಿ ರಾಗಿ ಇತ್ತೇನಮ್ಮ?”

ಹುಡುಗಿ ಮೊದಲು ಅರ್ಥವಾಗದೆ ನೋಡಿದಳು. ನೆನಪು ಮಾಡಿಕೊಂಡಳು.

“ಹಿಟ್ಟು ಒಂದ್ ಹಿಡೀನೂ ಇರ್ನಿಲ್ಲ,” ಅಂದಳು. ಆಮೇಲೆ ಕೇಳಿದಳು, “ನಾ ತಪ್ಪಾಗ್ ನೋಡುದ್ನಾ ಅವ್ವ?”

“ಇಲ್ಲ. ನಾನು ಹೇಳಿಕೊಟ್ಟ ಹಾಗೇ ನೋಡಿದೀಯ.”

ಇನ್ನೇನು ಹೇಳಬಹುದಿತ್ತು? ಬಸುರಿ ಸೊಸೆ ಎರಡು ಮೈಲಿ ನಡೆಯಬಾರದೆಂದು ಪುಟ್ಟಗಂಗಮ್ಮ ನಿರ್ಧಾರ ಮಾಡಿದ್ದಳು. ಸೊಸೆ ತನ್ನಲ್ಲಿ ಏನನ್ನು ಹುಡುಕುತ್ತಾಳೆ ಎಂದು ತಿಳಿದುಕೊಂಡು, ಅದೊಂದನ್ನು ಮುಚ್ಚಿದಳು. ಮೂವತ್ತು ವರ್ಷ ಮಾಡಿ ರೂಢಿಯಾಗಿದ್ದ ಕೆಲಸದಿಂದಲೇ ಮುಚ್ಚಿದಳು. ಗಂಗಾಂಬಿಕೆಯ ಪಾಠದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅವಳು ಓಬಳಮ್ಮನನ್ನು ಒಳಗೆ ಮಲಗಿಸಿ, ಪಾದದ ಊತ ನೋಡಿ, ಡಾಕ್ಟರಿಗೆ ತೋರಿಸಿ ಕಳಿಸಿದಳು. ಆ ಸಂಜೆ ಹಿತ್ತಿಲಿಗೆ ಹೋಗಿ, ಅದರ ಸದ್ದಿನಡಿ ಇನ್ನು ಯಾರೂ ನರಳಬಾರದೆಂದು, ರಾಗಿಕಲ್ಲಿನ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು.

ಕಲ್ಲು ನಿಂತಿತು, ಆದರೆ ರಾಗಿ ಬೀಸುವುದು ನಿಲ್ಲುವಂತಿರಲಿಲ್ಲ. ರೋಗಿಗಳ ಕಡೆಯ ಹೆಂಗಸರು ಕೂಗಾಡಿದರು. ಹನುಮಕ್ಕ ಎರಡು ದಿನಕ್ಕೊಮ್ಮೆ ರಾಗಿ ಚೀಲ ತಲೆಯ ಮೇಲೆ ಹೊತ್ತು ಪೇಟೆಯ ಹಿಟ್ಟಿನ ಮಿಷನ್ನಿಗೆ ಹೋಗಬೇಕಾಯಿತು. ಒಬ್ಬಳ ನೋವು ತೆಗೀತೀನಿ ಅಂತ ಇನ್ನೊಬ್ಬಳ ಕತ್ತಿಗೆ ಹಾಕಿದ್ರಿ ಎಂದು ಅವಳು ಎರಡು ತಿಂಗಳು ಗೊಣಗಿದಳು. ಅದು ಸುಳ್ಳೂ ಆಗಿರಲಿಲ್ಲ. ಗಂಗಾಂಬಿಕೆ ವಾರಕ್ಕೊಂದು ದಿನ ತಾನೇ ಚೀಲ ಹೊತ್ತಳು. ಸದಾಶಿವಯ್ಯನ ತಂಗಿ ಬೀದಿಯಲ್ಲಿ ಚೀಲ ಹೊತ್ತು ಹೋಗುತ್ತಾಳೆಂಬ ಮಾತು ಮನೆಯಲ್ಲಿ ರಂಪವಾಯಿತು. ಅದೇ ತಂಗಿ ಇಪ್ಪತ್ತನಾಲ್ಕು ವರ್ಷ ಅದೇ ಮನೆಗೆ ನೀರು ಹೊತ್ತದ್ದು ಯಾರಿಗೂ ಅವಮಾನ ಅನ್ನಿಸಿರಲಿಲ್ಲ.

ಡಾಕ್ಟರ ಜೊತೆ ಅವಳ ಜಗಳ ಇನ್ನೂ ದೊಡ್ಡದು. ‘ನೋವು ಬಂದರೆ’ ಎಂದು ಬರೆಯಬೇಡಿ, ಗಂಟೆ ಬರೆಯಿರಿ ಎಂದಳು. ನಾಲ್ಕು ಗಂಟೆಗೊಮ್ಮೆ ಎಂದು ಬರೆದರೆ ಆಕೆ ಕೇಳಬೇಕಾಗಿಲ್ಲ, ನಾವು ಕೇಳಬೇಕಾಗಿಲ್ಲ. ರೋಗಿಗೆ ಅದರ ಚಟ ಹತ್ತಿದರೆ ಎಂದು ವೆಂಕಟೇಶಯ್ಯನವರು ಒಂದು ವರ್ಷ ಒಪ್ಪಲಿಲ್ಲ. ಅವಳು ಆ ಎರಡು ಸೀಸೆಗಳ ಡಬ್ಬಿಯನ್ನು ಪ್ರತಿ ಸಲವೂ ಅವರ ಮೇಜಿನ ಮೇಲಿಡುತ್ತಿದ್ದಳು. ಮುಂದಿನ ವರ್ಷ, ಗುಬ್ಬಿಯಿಂದ ಬಂದ ಒಬ್ಬ ಮುದುಕಿಯ ಚಾರ್ಟಿನಲ್ಲಿ ಅವರು ಮೊದಲ ಸಲ ಗಂಟೆ ಬರೆದರು.

ಸಾವಿರದ ಒಂಬೈನೂರ ಅರವತ್ತರಿಂದ ಆಸ್ಪತ್ರೆಯವರು ವರ್ಷಕ್ಕೆ ಆರು ಹುಡುಗಿಯರನ್ನು ತರಬೇತಿಗೆ ತೆಗೆದುಕೊಳ್ಳತೊಡಗಿದರು. ಅವರಿಗೆ ಗಂಗಾಂಬಿಕೆ ಕಲಿಸಿದ್ದು ಇಷ್ಟೇ. ಹೆಂಗಸು ಯಾವ ಕೆಲಸ ಬಿಟ್ಟಳು, ನೋಡಿ. ಅದಕ್ಕಿಂತ ಹೆಚ್ಚಾಗಿ, ಯಾವ ಕೆಲಸವನ್ನು ಬಿಡದೆ ಹಿಡಿದುಕೊಂಡಿದ್ದಾಳೆ, ನೋಡಿ. ಮಲಗಿದವಳ ಹತ್ತಿರ ಆಮೇಲೆ ಹೋಗಬಹುದು. ಪೊರಕೆ ಕೇಳುವವಳ ಹತ್ತಿರ ಮೊದಲು ಹೋಗಿ. ಚಾರ್ಟಿನಲ್ಲಿ ಲವಲವಿಕೆ ಎಂಬ ಮಾತು ಬರೆಯಲು ಅವಳು ಯಾರಿಗೂ ಬಿಡಲಿಲ್ಲ. ಪುಟ್ಟಗಂಗಮ್ಮನ ಕಥೆಯನ್ನು ಹೇಳುವಾಗ ತನ್ನ ಹೆಸರು ಮರೆಸುತ್ತಿರಲಿಲ್ಲ. ನಾನು ಬರೆದೆ, ಹತ್ತೊಂಬತ್ತು ಸಲ ಎನ್ನುತ್ತಿದ್ದಳು.

ಅರವತ್ತನಾಲ್ಕರ ಬೇಸಿಗೆಯಲ್ಲಿ ಅಲಮೇಲಮ್ಮ ಎಂಬಾಕೆ ವಾರ್ಡಿನಲ್ಲಿದ್ದಳು. ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದ ವಿಧವೆ, ಎದೆಯ ಕ್ಯಾನ್ಸರು. ಚಾರ್ಟಿನಲ್ಲಿ ಗಂಟೆ ಬರೆದಿತ್ತು, ಹೊತ್ತಿಗೆ ಸರಿಯಾಗಿ ಮಾರ್ಫಿಯಾ ಕೊಡುತ್ತಿದ್ದರು. ಒಂದು ಮಧ್ಯಾಹ್ನ, ಮುಂದಿನ ಇಂಜೆಕ್ಷನ್ನಿಗೆ ಇನ್ನೂ ಒಂದೂವರೆ ಗಂಟೆ ಇರುವಾಗ, ಕಲಿಯುವ ಹುಡುಗಿಯರಲ್ಲಿ ಚಿಕ್ಕವಳಾದ ಶಾರದ ಬಟ್ಟೆ ಎತ್ತಿಕೊಂಡು ಬರಲು ಹಿತ್ತಿಲಿಗೆ ಹೋದಳು. ಅಲಮೇಲಮ್ಮ ರಾಗಿಕಲ್ಲಿನ ಮುಂದೆ ಕೂತಿದ್ದಳು. ರಾಗಿ ಇರಲಿಲ್ಲ. ಗೂಟವಿದ್ದ ತೂತಿನಲ್ಲಿ ಒಂದು ಬೆರಳಿಟ್ಟು, ಕಲ್ಲನ್ನು ತಿರುಗಿಸಲು ನೋಡುತ್ತಿದ್ದಳು. ಕಲ್ಲು ಅಲುಗುತ್ತಿರಲಿಲ್ಲ.

ಶಾರದ ಏನನ್ನೂ ಕೇಳಲಿಲ್ಲ. ಬಟ್ಟೆಯನ್ನು ಹಗ್ಗದ ಮೇಲೇ ಬಿಟ್ಟು ಒಳಗೆ ಬಂದಳು.

“ಸಿಸ್ಟರ್, ಅಲಮೇಲಮ್ಮನವರು ಕಲ್ಲಿನ ಹತ್ರ ಇದಾರೆ,” ಅಂದಳು.

ಗಂಗಾಂಬಿಕೆ ಗಡಿಯಾರ ನೋಡಲಿಲ್ಲ. ಡಾಕ್ಟರನ್ನು ಕೇಳಿ ಬಾ, ಔಷಧ ಕಡಿಮೆ ಬಿದ್ದಿದೆ ಅಂತ ಹೇಳು ಎಂದು ಅವಳನ್ನು ಓಡಿಸಿ, ಸೊಂಟದ ಬೀಗದ ಕೈ ಬಿಚ್ಚಿದಳು. ಬೀರು ತೆಗೆಯುವಾಗ ಒಳಗಿನ ಗೂಟ ಉರುಳಿ ಅವಳ ಕೈಗೆ ತಾಗಿತು. ಪುಟ್ಟಗಂಗಮ್ಮನೂ ಅವಳಿಗಿಂತ ಮುಂಚೆ ಬಂದು ಹೋದವರೂ ಹಿಡಿದ ಕಡೆ ಅದು ಬಳಸಿ ನುಣ್ಣಗಾಗಿತ್ತು. ಅವಳು ಅದನ್ನು ಗೋಡೆಯ ಕಡೆಗೆ ಸರಿಸಿ, ಸೀಸೆ ತೆಗೆದುಕೊಂಡಳು. ಸಿರಿಂಜು ಕುದಿಸಲು ನೀರನ್ನು ತಾನೇ ಒಲೆಯ ಮೇಲಿಟ್ಟಳು.